ಎಸಿ ಔಟ್‌ಡೋರ್ ಯೂನಿಟ್ ಹಿಂದೆ ಅಳಿಲಿನ ಗೂಡು, ಮೂರು ಮರಿ: ತೆಗೆಯೋದಾ, ಕಾಯೋದಾ?

ಮೂರನೇ ಮಹಡಿ (ಬೆಂಗಳೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬಾಲ್ಕನಿ ಹೊರಗೋಡೆಗೆ ಬ್ರಾಕೆಟ್ ಹಾಕಿ ಕೂರಿಸಿದ ಔಟ್‌ಡೋರ್ ಯೂನಿಟ್‌ಗೂ ಗೋಡೆಗೂ ನಡುವೆ ಅರ್ಧ ಗೇಣು ಸಂದಿದೆ. ತಾಮ್ರದ ಪೈಪು ಗೋಡೆಯೊಳಗೆ ಹೋಗುವ ಜಾಗದಲ್ಲಿ ಅಳಿಲು ಗೂಡು ಕಟ್ಟಿದೆ. ಕಾಲೊರೆಸಿನ ನಾರು, ನೆಲ ಒರೆಸೋ ಬಟ್ಟೆಯ ದಾರ, ಹಳೇ ದಿಂಬಿನ ಹತ್ತಿ, ಪೈಪಿಗೆ ಸುತ್ತಿದ್ದ ಕಪ್ಪು ಫೋಮಿನ ಚೂರು, ಎಲ್ಲ ಸೇರಿ ತೆಂಗಿನಕಾಯಿ ಗಾತ್ರದ ಉಂಡೆ. ಮೊಬೈಲನ್ನು ಸಂದಿಗೆ ಹಿಡಿದು ತೆಗೆದ ಫೋಟೋದಲ್ಲಿ ಮೂರು ಮರಿ ಕಾಣುತ್ತವೆ. ಮೈಮೇಲೆ ತೆಳ್ಳಗೆ ಬೂದು ಕೂದಲು, ಬೆನ್ನ ಮೇಲೆ ಪಟ್ಟೆಯ ಗುರುತು, ಕಣ್ಣು ಇನ್ನೂ ಮುಚ್ಚಿವೆ.

ಕೇಳಬೇಕಾದ್ದು ಇಷ್ಟು. ಎಸಿ ಹಾಕಬಹುದಾ? ಮರಿಗಳು ಎಷ್ಟು ದಿನಕ್ಕೆ ಹೊರಡುತ್ತವೆ? ಹೋದ ಮೇಲೆ ಮತ್ತೆ ಬಾರದ ಹಾಗೆ ಸಂದನ್ನು ಯಾವುದರಿಂದ ಮುಚ್ಚಬೇಕು?

ಇದರ ಜೊತೆಗೆ ಪಂಚಾಯ್ತಿ ಬೇರೆ. ಮನೆಯ ಹಿರಿಯರು "ರಾಮನ ಅಳಿಲು, ಮುಟ್ಟಬೇಡಿ" ಅಂತಾರೆ. ಕೆಳಗಿನ ಮನೆಯವರಿಗೆ ಕಡಲೆಕಾಯಿ ಸಿಪ್ಪೆ, ಹಿಕ್ಕೆ ಬಿದ್ದು ಸಾಕಾಗಿದೆ. ಪಕ್ಕದವರಿಗೆ ಮಗುವನ್ನು ಕಚ್ಚಿದರೆ ರೇಬೀಸ್ ಬರುತ್ತೆ ಅನ್ನೋ ಭಯ. ವಾಚ್‌ಮನ್ ಸಲಹೆ: ಅಂಟು ಬೋರ್ಡ್ ಇಟ್ಟುಬಿಡಿ. ಸರಿಯಾಗಿ ಗೊತ್ತಿದ್ದವರು ಹೇಳಿ.

ಗೂಡುಗಾವಲು (ಮೈಸೂರು):

ಮೊದಲು ಎಸಿ ವಿಷಯ. ಔಟ್‌ಡೋರ್ ಯೂನಿಟ್ ಹಿಂಬದಿಯ ಜಾಲರಿಯಿಂದ ಗಾಳಿ ಎಳೆದುಕೊಂಡು ಮುಂಬದಿಯಿಂದ ಬಿಸಿಗಾಳಿ ಊದುತ್ತದೆ. ಹಾಗಾಗಿ ಗೂಡು ಇರುವ ಕಡೆ ಬಿಸಿ ಏರುವುದಿಲ್ಲ, ಮರಿ ಬೇಯುತ್ತದೆ ಅನ್ನುವ ಭಯ ಬೇಡ. ನೋಡಬೇಕಾದ್ದು ಬೇರೆ ಎರಡು. ಗೂಡಿನ ನಾರು ಹಿಂಬದಿಯ ಅಲ್ಯೂಮಿನಿಯಂ ರೆಕ್ಕೆಗಳಿಗೆ (ಸಾಲಾಗಿ ಜೋಡಿಸಿದ ತೆಳು ತಗಡುಗಳಿಗೆ) ತಾಗಿಕೊಂಡಿದ್ದರೆ ಎಸಿ ಹಾಕಬೇಡಿ. ಎಳೆತಕ್ಕೆ ನಾರು, ಹತ್ತಿ ಹೋಗಿ ಅಂಟಿಕೊಂಡು ಗಾಳಿ ಕಟ್ಟುತ್ತದೆ. ತಂಪು ಕಡಿಮೆಯಾಗುತ್ತದೆ, ಕಂಪ್ರೆಸರ್‌ಗೆ ಹೊರೆ ಬೀಳುತ್ತದೆ. ಎರಡನೆಯದು, ಫ್ಯಾನಿನ ಭಾಗದೊಳಗೇ ಗೂಡು ಇದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಇದ್ದರೆ ರಿಮೋಟ್ ಆಫ್ ಮಾಡಿದರೆ ಸಾಲದು, ಎಸಿಯ ಎಂಸಿಬಿಯನ್ನೇ (ಕರೆಂಟು ಕಡಿಯುವ ಸ್ವಿಚ್ಚನ್ನೇ) ಇಳಿಸಿ ಅದರ ಮೇಲೆ ಟೇಪ್ ಅಂಟಿಸಿ. ಮನೆಯಲ್ಲಿ ಯಾರೋ ಒಬ್ಬರು ಮರೆತು ಹಾಕೇ ಹಾಕುತ್ತಾರೆ.

ನೀವು ಹೇಳಿದ ಹಾಗೆ ಪೈಪಿನ ಪಕ್ಕದಲ್ಲಿ, ರೆಕ್ಕೆಗೆ ತಾಗದೆ ಇದ್ದರೆ ರಾತ್ರಿ ಹೊತ್ತು ಹಾಕಬಹುದು. ಆದರೆ ಫೋಮು ಕಡಿದಿದೆ ಅಂದಿರಲ್ಲ, ಅದರ ಜೊತೆಗೇ ಹೋಗುವ ವೈರಿನ ಮೇಲೂ ಹಲ್ಲಿನ ಗುರುತು ಇದೆಯಾ ನೋಡಿ. ಅಳಿಲಿನ ಮುಂಬಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ, ಅದು ಕಡಿಯುವುದೆಲ್ಲ ಹಸಿವಿಗಲ್ಲ. ವೈರಿನ ತಾಮ್ರ ಕಾಣುತ್ತಿದ್ದರೆ ಎಂಸಿಬಿ ಇಳಿಸಿ, ಎಲೆಕ್ಟ್ರಿಷಿಯನ್ ಬಂದು ಹೋಗುವ ತನಕ ಆ ಪ್ರಶ್ನೆಯೇ ಮುಗಿಯಿತು.

ಮರಿಗಳ ಲೆಕ್ಕ. ನಮ್ಮ ಊರುಗಳಲ್ಲಿ ಕಾಣುವುದು ಮೂರು ಪಟ್ಟೆಯ ಅಳಿಲು. ಗರ್ಭ ಸುಮಾರು 34 ದಿನ, ಒಂದು ಸೂಲಿಗೆ ಸಾಮಾನ್ಯವಾಗಿ ಎರಡೋ ಮೂರೋ ಮರಿ. ಹುಟ್ಟಿದಾಗ ಬೋಳು, ಗುಲಾಬಿ ಬಣ್ಣ, ತೂಕ ಹತ್ತು ಗ್ರಾಮೂ ಇರುವುದಿಲ್ಲ. ಮೊದಲು ಚರ್ಮದ ಮೇಲೇ ಪಟ್ಟೆಯ ನೆರಳು ಮೂಡುತ್ತದೆ, ಆಮೇಲೆ ಕೂದಲು. ಕಣ್ಣು ಬಿಡುವುದು ಮೂರು ವಾರ ದಾಟಿದ ಮೇಲೆ. ಕೂದಲು ಬಂದು ಕಣ್ಣು ಮುಚ್ಚಿವೆ ಅಂದರೆ ನಿಮ್ಮವು ಎರಡು ವಾರದ ಆಸುಪಾಸು. ಐದಾರು ವಾರಕ್ಕೆ ಗೂಡಿನಿಂದ ಹೊರಬಂದು ಪೈಪಿನ ಮೇಲೆ ಓಡಾಡುತ್ತವೆ, ಆದರೆ ರಾತ್ರಿ ವಾಪಸ್ ಬರುತ್ತವೆ. ಹಾಲು ಪೂರ್ತಿ ಬಿಡುವುದು ಹತ್ತು ವಾರದ ಹೊತ್ತಿಗೆ. ಅಂದರೆ ಇವತ್ತಿನಿಂದ ಕಡಿಮೆ ಅಂದರೂ ಆರು ವಾರ, ಮನಸ್ಸು ಮಾಡಿದರೆ ಎಂಟು ವಾರ ಬಿಟ್ಟುಕೊಡಿ. ಇಷ್ಟೂ ದಿನ ಅಲ್ಲೇ ಇರುತ್ತವೆ ಅಂತಲೂ ಇಲ್ಲ. ತಾಯಿಗೆ ಒಂದಕ್ಕಿಂತ ಹೆಚ್ಚು ಗೂಡು ಇರುವುದುಂಟು. ಗದ್ದಲ ಜಾಸ್ತಿಯಾದರೆ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಸಾಗಿಸಿಬಿಡುತ್ತದೆ. ಮರಿ ತಾಯಿಯ ಕತ್ತಿಗೆ ಸುರುಳಿ ಸುತ್ತಿಕೊಂಡಿರುತ್ತದೆ, ದೂರದಿಂದ ನೋಡಿದರೆ ಮಫ್ಲರ್ ಹಾಕಿಕೊಂಡ ಹಾಗೆ.

ಬೇಗ ಹೋಗಲಿ ಅನ್ನುವವರು ನುಸಿಗುಳಿಗೆ ಇಡುತ್ತಾರೆ. ಬೇಡ. ದೊಡ್ಡದು ಓಡಿಹೋಗುತ್ತದೆ, ಮರಿ ಅಲ್ಲೇ ಆ ವಿಷದ ಹೊಗೆ ಕುಡಿಯುತ್ತದೆ. ಹಗಲು ಹೊತ್ತು ಬಾಲ್ಕನಿಯಲ್ಲಿ ರೇಡಿಯೋ ಹಾಕಿಡುವುದು, ಓಡಾಡುವುದು, ಇಷ್ಟೇ ಸಾಕು. ಹೋಗಬೇಕು ಅನ್ನಿಸಿದರೆ ತಾಯಿಯೇ ಹೊತ್ತುಕೊಂಡು ಹೋಗುತ್ತದೆ.

ಪಶುವೈದ್ಯ (ತುಮಕೂರು):

ರೇಬೀಸ್ ಬಗ್ಗೆ ಪಕ್ಕದ ಮನೆಯವರಿಗೆ ತಿಳಿಸಿ: ಇಲಿ, ಅಳಿಲು, ಮೊಲದಂಥ ಚಿಕ್ಕ ಪ್ರಾಣಿಗಳ ಕಡಿತಕ್ಕೆ ರೇಬೀಸ್ ಲಸಿಕೆ ಬೇಕಾಗುವುದು ಅತಿ ವಿರಳ ಅಂತ ನಮ್ಮ ರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಹಾಗಂತ ಕಡಿತವನ್ನು ಸುಮ್ಮನೆ ಬಿಡುವಂತಿಲ್ಲ. ಹಲ್ಲು ಸಣ್ಣದಾದರೂ ಆಳಕ್ಕೆ ಇಳಿಯುತ್ತದೆ. ನಲ್ಲಿ ನೀರಿನ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಪೊವಿಡೋನ್ ಅಯೋಡಿನ್ ಹಚ್ಚಿ, ವೈದ್ಯರಿಗೆ ತೋರಿಸಿ. ಟಿಟಿ ಬೇಕಾ ಬೇಡವಾ ಅವರು ಹೇಳುತ್ತಾರೆ. ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಕಡಿತ ಆಗುವುದು ಬಹುಪಾಲು ಎರಡೇ ಸಂದರ್ಭದಲ್ಲಿ: ಕೈಯಿಂದ ಕಡಲೆಬೀಜ ತಿನ್ನಿಸುವಾಗ, ಬಿದ್ದ ಅಳಿಲನ್ನು ಬರಿಗೈಯಲ್ಲಿ ಎತ್ತುವಾಗ.

ಅಂಟು ಬೋರ್ಡ್ ಮಾತ್ರ ದಯವಿಟ್ಟು ಬೇಡ. ಸಿಕ್ಕಿಬಿದ್ದ ಅಳಿಲು ಬಿಡಿಸಿಕೊಳ್ಳಲು ಹೋಗಿ ಚರ್ಮ, ಉಗುರು ಕಿತ್ತುಕೊಳ್ಳುತ್ತದೆ. ಯಾರಾದರೂ ಇಟ್ಟು ಸಿಕ್ಕಿಕೊಂಡಿದ್ದರೆ ಎಳೆಯಬೇಡಿ. ತಲೆಯ ಮೇಲೆ ತೆಳು ಬಟ್ಟೆ ಹಾಕಿ, ಬೋರ್ಡಿನಲ್ಲಿ ಖಾಲಿ ಉಳಿದ ಅಂಟಿನ ಮೇಲೆ ಹಿಟ್ಟು ಉದುರಿಸಿ, ಅಂಟಿದ ಜಾಗಕ್ಕೆ ಅಡುಗೆ ಎಣ್ಣೆ ಹನಿಹನಿಯಾಗಿ ಬಿಟ್ಟು ಬೆರಳಿನಿಂದ ನಿಧಾನಕ್ಕೆ ಸವರುತ್ತಾ ಬಿಡಿಸಿ. ಮೂಗು, ಬಾಯಿಗೆ ಎಣ್ಣೆ ಹೋಗಬಾರದು. ಸೀಮೆಎಣ್ಣೆ, ಥಿನ್ನರ್ ಮುಟ್ಟಲೇಬೇಡಿ.

ಮೂರನೇ ಮಹಡಿ ಅಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ, ಮರಿ ಕೆಳಗೆ ಬಿದ್ದರೆ ಏನು ಮಾಡಬೇಕು. ಎಲ್ಲರೂ ಮೊದಲು ಮಾಡುವ ತಪ್ಪು ಹಸುವಿನ ಹಾಲು ಬಾಯಿಗೆ ಬಿಡುವುದು. ತಣ್ಣಗಾದ ಮರಿಗೆ ಏನು ಕುಡಿಸಿದರೂ ಜೀರ್ಣವಾಗುವುದಿಲ್ಲ, ಹಸುವಿನ ಹಾಲಿಗೆ ಭೇದಿ ಶುರುವಾಗುತ್ತದೆ, ಮಲಗಿಸಿಕೊಂಡು ಕುಡಿಸಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೊದಲ ಕೆಲಸ ಬಿಸುಪು. ಬಾಟಲಿಗೆ ಕೈ ತಾಳುವಷ್ಟು ಬಿಸಿನೀರು ತುಂಬಿ, ಟವೆಲ್ ಸುತ್ತಿ, ಚಪ್ಪಲಿ ಡಬ್ಬದ ಅರ್ಧ ಭಾಗದಲ್ಲಿ ಇಡಿ. ಇನ್ನರ್ಧ ಖಾಲಿ ಇರಲಿ, ಸೆಕೆಯಾದರೆ ಮರಿ ಸರಿದುಕೊಳ್ಳಬೇಕು. ಹಳೇ ಬನಿಯನ್ ಬಟ್ಟೆ ಹಾಸಿ. ಟರ್ಕಿ ಟವೆಲ್ಲಿನ ಕುಣಿಕೆಗೆ ಮರಿಯ ಉಗುರು ಸಿಕ್ಕಿಕೊಳ್ಳುತ್ತದೆ, ಅದು ಮರಿಗೆ ತಾಗದಿರಲಿ.

ಮೈ ಬೆಚ್ಚಗಾಗಿ ಕೈಕಾಲು ಆಡಿಸತೊಡಗಿದರೆ, ಗಾಯವಿಲ್ಲದಿದ್ದರೆ, ತಾಯಿಗೆ ವಾಪಸ್ ಕೊಡುವುದೇ ಅತ್ಯುತ್ತಮ. ಮನುಷ್ಯರು ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನುವುದು ಸುಳ್ಳು. ಬಿದ್ದ ಜಾಗದ ಹತ್ತಿರದ ಮರಕ್ಕೋ ಕಂಬಕ್ಕೋ ಐದಾರು ಅಡಿ ಎತ್ತರದಲ್ಲಿ, ನೆರಳಿನಲ್ಲಿ, ಮುಚ್ಚಳ ತೆಗೆದ ಡಬ್ಬ ಕಟ್ಟಿ. ಬಾಟಲಿ ಒಳಗೇ ಇರಲಿ, ಗಂಟೆಗೊಮ್ಮೆ ನೀರು ಬದಲಿಸಿ. ಇರುವೆ ಹತ್ತದ ಹಾಗೆ ಕಟ್ಟಿದ ಹಗ್ಗಕ್ಕೆ ಬೇವಿನೆಣ್ಣೆ ಸವರಿ. ನೀವು ಮೂವತ್ತು ಅಡಿ ದೂರ ಹೋಗಿ ನಿಲ್ಲಿ. ಹತ್ತಿರ ನಿಂತು ವಿಡಿಯೋ ಮಾಡಿದರೆ ಅದು ಬರುವುದಿಲ್ಲ. ಅಳಿಲು ಹಗಲಿನ ಪ್ರಾಣಿ, ಸಂಜೆ ಕತ್ತಲಾದ ಮೇಲೆ ತಾಯಿ ಬರುವುದಿಲ್ಲ. ಕತ್ತಲಿಗೆ ಮುಂಚೆ ಒಳಗೆ ತಂದು ಬೆಚ್ಚಗಿಡಿ, ಬೆಳಗಾದ ಕೂಡಲೇ ಮತ್ತೆ ಅಲ್ಲೇ ಕಟ್ಟಿ.

ಅದಕ್ಕೂ ಬಾರದಿದ್ದರೆ, ಅಥವಾ ಬೆಕ್ಕು ಬಾಯಿ ಹಾಕಿದ್ದರೆ, ಮನೆ ಮದ್ದು ಸಾಲದು. ಬೆಕ್ಕಿನ ಹಲ್ಲಿನ ಗಾಯ ಕಾಣದಷ್ಟು ಚಿಕ್ಕದಿದ್ದರೂ ಒಳಗೆ ಸೋಂಕು ಏರುತ್ತದೆ, ಆ್ಯಂಟಿಬಯೋಟಿಕ್ ಬೇಕು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಇಲ್ಲವೇ ವನ್ಯಜೀವಿ ರಕ್ಷಣಾ ಕೇಂದ್ರಕ್ಕೆ ತಲುಪಿಸಿ. ಬೆಂಗಳೂರಿನಲ್ಲಿ ಕೆಂಗೇರಿ ಕಡೆ ಪೀಪಲ್ ಫಾರ್ ಆ್ಯನಿಮಲ್ಸ್ ಕೇಂದ್ರವಿದೆ. ಅಲ್ಲಿಯ ತನಕ ತಡೆಯಬೇಕೆಂದರೆ ಉಗುರುಬೆಚ್ಚಗಿನ ಓಆರ್‌ಎಸ್, ಸೂಜಿ ತೆಗೆದ 1 ಎಂಎಲ್ ಸಿರಿಂಜಿನಲ್ಲಿ. ಮರಿಯನ್ನು ಬೋರಲು ಹಿಡಿದು ತಲೆ ಸ್ವಲ್ಪ ಮೇಲಿರಲಿ, ತುಟಿಯ ಬದಿಗೆ ಒಂದೊಂದೇ ಹನಿ. 20 ಗ್ರಾಂ ಮರಿಗೆ ಒಂದು ಸಲಕ್ಕೆ 1 ಎಂಎಲ್ ದಾಟಬಾರದು. ಮೂಗಿನಲ್ಲಿ ಗುಳ್ಳೆ ಬಂತೋ, ಕೂಡಲೇ ನಿಲ್ಲಿಸಿ ತಲೆ ಕೆಳಗೆ ಮಾಡಿ ಒರೆಸಿ. ಕಣ್ಣು ಬಿಡದ ಮರಿ ತಾನಾಗಿ ಉಚ್ಚೆ ಹೊಯ್ಯುವುದಿಲ್ಲ. ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗ ಮೃದುವಾಗಿ ಸವರಬೇಕು, ತಾಯಿ ನೆಕ್ಕುವ ಹಾಗೆ.

ಅಡಿಕೆ–ಕೋಕೋ (ಪುತ್ತೂರು):

ನೀವೆಲ್ಲ ಪೇಟೆಯಲ್ಲಿ ಕೂತು ಒಂದು ಗೂಡಿಗೆ ಇಷ್ಟು ಮಾತಾಡ್ತೀರಿ ಮಾರಾಯ್ರೇ. ತೋಟದ ಕಡೆ ಬಂದು ಒಂದು ವಾರ ಕುಯ್ಲು ತಡವಾದ ಕೋಕೋ ಗಿಡ ನೋಡಿ, ಆಮೇಲೆ ರಾಮನ ಅಳಿಲು ಅನ್ನಿ.

ಕೋಕೋದಲ್ಲಿ ಅಳಿಲಿನ ಹಾವಳಿ, ಇಲಿಯ ಹಾವಳಿ ಎರಡೂ ಒಂದೇ ಅಂತ ತಿಳಿದು ಮದ್ದು ಇಡುವವರೇ ಜಾಸ್ತಿ. ತೂತು ನೋಡಿದರೆ ಗೊತ್ತಾಗುತ್ತದೆ. ತೊಟ್ಟಿನ ಹತ್ತಿರ ಕೊರೆದಿದ್ದರೆ ಇಲಿ. ಕಾಯಿಯ ನಡುಮಧ್ಯೆ ಕೊರೆದಿದ್ದರೆ ಅಳಿಲು. ಇನ್ನೊಂದು, ಅಳಿಲು ಎಳೆಗಾಯಿಗೆ ಬರುವುದಿಲ್ಲ, ಹಣ್ಣಾದದ್ದಕ್ಕೇ ಬಾಯಿ ಹಾಕುವುದು. ಅದಕ್ಕೆ ಬೇಕಾದ್ದು ಬೀಜವಲ್ಲ, ಬೀಜದ ಸುತ್ತ ಇರುವ ಬಿಳಿ ಲೋಳೆ. ಅದನ್ನು ಚೀಪಿ ಬೀಜ ಕೆಳಗೆ ಉದುರಿಸುತ್ತದೆ. ಆ ಬೀಜ ಹೆಕ್ಕಿ ತಂದರೂ ಅರ್ಧ ಬೆಲೆಗೂ ಸಲ್ಲ, ಯಾಕಂದ್ರೆ ಹುಳಿ ಬರಿಸಲಿಕ್ಕೆ ಲೋಳೆಯ ಸಕ್ಕರೆಯೇ ಬೇಕು. ಲೋಳೆ ಹೋದ ಬೀಜ ರಾಶಿ ಹಾಕಿದರೆ ಬಿಸಿ ಏರುವುದಿಲ್ಲ, ಒಣಗಿಸಿದಾಗ ಒಳಗೆ ಕಂದು ಬಣ್ಣ ಬಾರದೆ ನೇರಳೆಯಾಗಿಯೇ ಉಳಿಯುತ್ತದೆ.

ಹಾಗಾದರೆ ಉಪಾಯ ಏನು ಅಂದ್ರೆ, ವಿಷ ಅಲ್ಲ, ದೋಟಿ (ಕಾಯಿ ಕೊಯ್ಯುವ ಉದ್ದ ಕೋಲು). ಹಸಿರು ಕಾಯಿಯ ಜಾತಿ ಹಳದಿಗೆ ತಿರುಗಿದ ಕೂಡಲೇ, ಕೆಂಪು ಜಾತಿ ಕಿತ್ತಳೆಗೆ ತಿರುಗಿದ ಕೂಡಲೇ ಕೊಯ್ಯಬೇಕು. ಹದಿನೈದು ದಿನಕ್ಕೊಮ್ಮೆ ಕೊಯ್ಯುವ ತೋಟದಲ್ಲಿ ಅಳಿಲಿನ ಪಾಲು ದೊಡ್ಡದಾಗುತ್ತದೆ, ವಾರಕ್ಕೊಮ್ಮೆ ಕೊಯ್ದರೆ ಎದ್ದು ಕಾಣುವಷ್ಟು ಇಳಿಯುತ್ತದೆ. ವಿಟ್ಲದ ಸಿಪಿಸಿಆರ್‌ಐ (ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರದವರು ಹೇಳುವುದೂ ಸಕಾಲದ ಕುಯ್ಲನ್ನೇ. ಕೊಯ್ದ ಹಣ್ಣನ್ನು ಎರಡು ಮೂರು ದಿನ ನೆರಳಲ್ಲಿ ಇಟ್ಟು ಆಮೇಲೆ ಒಡೆದರೂ ನಷ್ಟವಿಲ್ಲ, ಮರದಲ್ಲಿ ಬಿಟ್ಟರೆ ಮಾತ್ರ ನಷ್ಟ. ಕೊರೆದ ಕಾಯಿ ಮರದಲ್ಲೇ ನೇತಾಡಲು ಬಿಡಬೇಡಿ, ಮಳೆಗಾಲದಲ್ಲಿ ಅದರಿಂದ ಕೊಳೆ ಶುರುವಾಗುತ್ತದೆ.

ಪೇಟೆಯ ಮಾತು ಒಂದಕ್ಕೆ ಒಪ್ಪುತ್ತೇನೆ. ಬ್ರೋಮಾಡಿಯೋಲೋನ್ ಅನ್ನುವ ಇಲಿವಿಷದ ಬಿಲ್ಲೆಯನ್ನು ಕೊಂಬೆಯಲ್ಲಿಟ್ಟರೆ ಅಳಿಲೂ ತಿನ್ನುತ್ತದೆ, ಆದರೆ ಸಾಯಲು ಕೆಲವು ದಿನ ಬೇಕು. ಅಷ್ಟರಲ್ಲಿ ಅದನ್ನು ಗೂಬೆಯೋ ಬೆಕ್ಕೋ ಕೇರೆ ಹಾವೋ ಹಿಡಿದರೆ ವಿಷ ಅದಕ್ಕೂ. ಇಲಿ ತಿನ್ನುವವರನ್ನೇ ಕೊಂದು ಇಲಿಗೆ ದಾರಿ ಮಾಡಿಕೊಟ್ಟ ಹಾಗೆ.

ಎಳನೀರಿನ ಗಾತ್ರದ ಎಳೆ ತೆಂಗಿನಕಾಯಿಯನ್ನೇ ದೊಡ್ಡ ತೂತು ಮಾಡಿ ಬೀಳಿಸಿದ್ದರೆ ಅದು ಈ ಪುಟ್ಟದರ ಕೆಲಸವೆಂದು ಕೂಡಲೇ ತೀರ್ಮಾನಿಸಬೇಡಿ. ಕಾಡಂಚಿನ ತೋಟವಾದರೆ ಕೆಂಜಳಿಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಅದು ಬೆಕ್ಕಿನ ಗಾತ್ರ, ಒಂದೂವರೆ ಎರಡು ಕಿಲೋ ತೂಗುತ್ತದೆ, ನೆಲಕ್ಕಿಳಿಯದೆ ಮರದಿಂದ ಮರಕ್ಕೆ ಹಾರುತ್ತದೆ.

ಟೆರೇಸ್ ಕೈತೋಟ (ಹುಬ್ಬಳ್ಳಿ):

ಪುತ್ತೂರಿನ ಸರ್ ಹೇಳಿದ್ದು ಮನೆ ಗಿಡಕ್ಕೂ ಹೊಂದತೈತಿ. ಚಿಕ್ಕು ಗಿಡದಾಗ ಹಣ್ಣಾಗಲಿ ಅಂತ ಕಾಯ್ಕೋತ ಕೂತ್ರ ನಿಮಗ ಬರೀ ತೊಟ್ಟು ಸಿಗತೈತಿ. ಕಾಯಿ ಮ್ಯಾಲಿನ ಕಂದು ಪುಡಿ ಉದುರಿ ಮೈ ನುಣ್ಣಗಾಗಿ, ಉಗುರಿನಿಂದ ಗೀರಿದಾಗ ಹಸಿರು ಬದಲಿ ಹಳದಿ ಕಂಡ್ರ ಬಲತೈತಿ ಅಂತ ಅರ್ಥ. ಕಿತ್ತು ಅಕ್ಕಿ ಡಬ್ಬಿಯೊಳಗ ಇಡ್ರಿ, ನಾಕೈದು ದಿನಕ್ಕ ಹಣ್ಣಾಗತಾವ.

ಪೇರಲಕ್ಕ, ದಾಳಿಂಬಿಗೆ ಪೇಪರ್ ಚೀಲ, ಬಟ್ಟಿ ಚೀಲ ಕಟ್ಟಿದ್ರ ಹಕ್ಕಿಗೆ ಆತು, ಅಳಿಲಿಗೆ ಏನೂ ಅಲ್ಲ, ಒಂದು ಮುಂಜಾನಿಯೊಳಗ ಹರದು ಹಾಕತೈತಿ. ತಂತಿ ಜಾಳಿಗಿ ಸುತ್ತಿ ಕೊಳವಿ ಮಾಡಿ ಹಣ್ಣಿಗೆ ತೊಡಸ್ರಿ, ಹಣ್ಣಿಗೂ ಜಾಳಿಗಿಗೂ ಒಂದು ಬೆರಳು ಅಂತರ ಇರಲಿ. ಮರದ ಬೊಡ್ಡಿಗೆ ತಗಡು ಸುತ್ತೋರು ಎರಡು ಅಡಿ ಅಗಲದ ತಗಡು ತಗೋರಿ, ನೆಲದಿಂದ ಐದಾರು ಅಡಿ ಮ್ಯಾಲೆ. ಮೊಳಿ ಹೊಡಿಬ್ಯಾಡ್ರಿ, ಸ್ಪ್ರಿಂಗ್ ಹಾಕಿ ಕಟ್ರಿ, ಬೊಡ್ಡಿ ದಪ್ಪ ಆದಂಗ ಸಡಲಾಗಬೇಕು. ಇಷ್ಟೆಲ್ಲ ಮಾಡಿಯೂ ಕೆಲಸ ಕೆಡೋದು ಯಾಕಂದ್ರ, ಪಕ್ಕದ ಕೇಬಲ್ ವೈರು ಟೊಂಗಿಗೆ ತಾಗಿರತೈತಿ. ಗ್ವಾಡಿ, ವೈರು, ಇನ್ನೊಂದು ಗಿಡ ಯಾವುದೂ ಏಳೆಂಟು ಅಡಿ ಒಳಗ ಇರಬಾರದು, ಇದ್ರ ತಗಡು ಬರೇ ಅಲಂಕಾರ.

ಕುಂಡದಾಗ ಬಿತ್ತಿದ ಕಡಲೆ, ಕುಂಬಳ ಬೀಜ ಕೆದರಿ ತಿಂತಾವ. ಮಣ್ಣಿನ ಮ್ಯಾಲೆ ಕೋಳಿ ಜಾಳಿಗಿ ಹಾಸಿ ಅಂಚು ಒಳಗ ಮಡಚ್ರಿ, ಸಸಿ ನಾಕು ಎಲಿ ಬಿಟ್ಟ ಮ್ಯಾಲೆ ತಗೀರಿ.

ಖಾರದ ಪುಡಿ ಬಗ್ಗೆ ಒಂದು ಮಾತು. ಮೆಣಸಿನಕಾಯಿ ಖಾರ ಹಕ್ಕಿಗಳಿಗೆ ಹತ್ತೂದಿಲ್ಲ, ಅಳಿಲಿಗೆ ಹತ್ತತೈತಿ. ಹಕ್ಕಿಗೆ ಹಾಕೋ ಕಾಳಿಗೆ ಖಾರ ಕಲಸಿದ್ರ ಅಳಿಲು ದೂರ ಇರತಾವ. ಒಣ ಪುಡಿ ಉದುರಿಸಬ್ಯಾಡ್ರಿ, ಗಾಳಿಗೆ ಎಲ್ಲಾರ ಕಣ್ಣಿಗೂ ಹೋಗತೈತಿ. ಹನಿ ಎಣ್ಣಿ ಹಾಕಿ ಕಾಳಿಗೆ ಮೆತ್ತಬೇಕು.

ದುರ್ಬೀನು (ಶಿವಮೊಗ್ಗ):

ಓಡಿಸುವುದು, ಮುಚ್ಚುವುದು ಸಾಕಷ್ಟಾಯಿತು. ನಿಮ್ಮ ಬಾಲ್ಕನಿಯಲ್ಲಿ ಎಂಟು ವಾರ ಪುಕ್ಕಟೆ ಪ್ರದರ್ಶನ ಇದೆ, ನೋಡಿ ಬಿಡಿ.

ಬೆಳಗ್ಗೆ ಸೂರ್ಯ ಹುಟ್ಟಿ ಎರಡು ಗಂಟೆ, ಸಂಜೆ ನಾಲ್ಕರ ಮೇಲೆ ಓಡಾಟ ಜಾಸ್ತಿ. ಮಧ್ಯಾಹ್ನದ ಬಿಸಿಲಿಗೆ ಕೊಂಬೆಯ ಮೇಲೆ ಹೊಟ್ಟೆ ಅಂಟಿಸಿ, ನಾಲ್ಕೂ ಕಾಲು ಇಳಿಬಿಟ್ಟು ಮಲಗುತ್ತದೆ. ಕಾಯಿಲೆಯಲ್ಲ, ಮೈ ತಂಪು ಮಾಡಿಕೊಳ್ಳುವ ಬಗೆ. ಮರದಿಂದ ತಲೆ ಕೆಳಗಾಗಿ ಇಳಿಯುವಾಗ ಹಿಂಗಾಲನ್ನು ಗಮನಿಸಿ. ಪಾದ ಪೂರ್ತಿ ಹಿಂದಕ್ಕೆ ತಿರುಗಿ, ಉಗುರು ಮೇಲ್ಮುಖವಾಗಿ ತೊಗಟೆಗೆ ಸಿಕ್ಕಿಸಿಕೊಂಡಿರುತ್ತದೆ. ಬೆಕ್ಕು ಮರ ಹತ್ತುತ್ತದೆ, ಇಳಿಯಲು ಪರದಾಡುತ್ತದೆ. ವ್ಯತ್ಯಾಸ ಇರುವುದು ಈ ಹಿಮ್ಮಡಿಯಲ್ಲೇ.

ಚಿಪ್ ಚಿಪ್ ಚಿಪ್ ಅಂತ ಒಂದೇ ಸಮನೆ, ಪ್ರತಿ ಕೂಗಿಗೂ ಬಾಲ ಜರ್ಕ್ ಹೊಡೆಯುತ್ತ ಕೂಗುತ್ತಿದ್ದರೆ ಅದು ಹಾಡಲ್ಲ, ಎಚ್ಚರಿಕೆ. ಅದರ ಮೂತಿ ಯಾವ ಕಡೆಗಿದೆಯೋ ಆ ಕಡೆ ನೋಡಿ, ಬೆಕ್ಕೋ ಕೇರೆ ಹಾವೋ ಶಿಕ್ರಾ ಗಿಡುಗವೋ ಸಿಗುತ್ತದೆ. ಹರಟೆಮಲ್ಲ ಹಕ್ಕಿಗಳ ಗುಂಪು ಅದೇ ಹೊತ್ತಿಗೆ ಕಿರುಚಲು ಶುರು ಮಾಡಿದರೆ ಖಾತ್ರಿ. ಕೆಂಬೂತ ಗೂಡಿನ ಆಸುಪಾಸು ಸುಳಿದಾಡಿದರೆ ಮಾತ್ರ ಬಾಲ್ಕನಿಗೆ ಹೋಗಿ ನಿಲ್ಲಿ, ಅದು ಮರಿಕಳ್ಳ.

ಫೋಟೋ ತೆಗೆಯುವವರು ಬೆನ್ನು ಕಾಣುವ ಹಾಗೆ ಮೇಲಿನಿಂದ ತೆಗೆಯಿರಿ. ಬಯಲು ಸೀಮೆ, ಪೇಟೆಗಳಲ್ಲಿ ಇರುವುದಕ್ಕೂ ಮಲೆನಾಡಿನ ಕಾಡು ಅಳಿಲಿಗೂ ಪಟ್ಟೆ ಮೂರೇ, ಆದರೆ ಕಾಡಿನದರ ತಲೆ ಮತ್ತು ಹಿಂಭಾಗಕ್ಕೆ ಕೆಂಪು ಛಾಯೆ ಇರುತ್ತದೆ. ಉತ್ತರ ಭಾರತದ್ದಕ್ಕೆ ಐದು ಪಟ್ಟೆ. ರಾಮ ಮೂರು ಬೆರಳಿನಿಂದ ಸವರಿದ ಅನ್ನುವ ಕಥೆ ಅಯೋಧ್ಯೆಯ ಅಳಿಲಿಗೇ ಹೊಂದುವುದಿಲ್ಲ ಅನ್ನುವುದು ಬೇರೆ ತಮಾಷೆ. ಪ್ರಾಣಿ, ಗಿಡಗಳ ಫೋಟೋ ಹಂಚುವ ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿದರೆ ಜಾತಿ ಗುರುತಿಸಲು ಜನ ಇದ್ದಾರೆ.

ತಿಂಡಿ ವಿಷಯ, ಕೆಳಮನೆಯವರ ದೂರು ನ್ಯಾಯವಾದದ್ದೇ. ಕಟಕಟೆಯ ಮೇಲೆ ಹಾಕಬೇಡಿ. ಹಾಕಲೇಬೇಕೆಂದರೆ ಸಿಪ್ಪೆ ಸುಲಿದ, ಹುರಿಯದ, ಉಪ್ಪಿಲ್ಲದ ಕಡಲೆಬೀಜ ದಿನಕ್ಕೆ ಎಂಟು ಹತ್ತು, ಬಾಲ್ಕನಿಯ ಒಳಗೆ ನೆಲದ ಮೇಲೆ. ಬಿಸ್ಕತ್ತು, ಬ್ರೆಡ್ಡು, ಖಾರಾಬೂಂದಿ ಯಾವುದೂ ಬೇಡ. ಬೇಸಿಗೆಯಲ್ಲಿ ತಿಂಡಿಗಿಂತ ನೀರು ಮುಖ್ಯ, ಎರಡು ಬೆರಳು ಆಳದ ಮಣ್ಣಿನ ತಟ್ಟೆ, ದಿನಾ ತೊಳೆದು ತುಂಬಿ. ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಒಂದು ಗಸಗಸೆ ಹಣ್ಣಿನ ಗಿಡ ನೆಟ್ಟರೆ ಎರಡನೇ ವರ್ಷಕ್ಕೇ ನೆರಳು, ಹಣ್ಣು ಎರಡೂ ಬರುತ್ತದೆ, ಅಳಿಲಿನ ದಂಡು ತಾನಾಗಿ ಆ ಕಡೆ ಹೊರಳುತ್ತದೆ. ಕಾರು ನಿಲ್ಲಿಸುವ ಜಾಗದ ಮೇಲೆ ನೆಡಬೇಡಿ, ಹಣ್ಣು ಬಿದ್ದು ಇನ್ನೊಂದು ಪಂಚಾಯ್ತಿಯಾದೀತು.

ಮೂರನೇ ಮಹಡಿ (ಬೆಂಗಳೂರು):

ಎಲ್ಲರಿಗೂ ಧನ್ಯವಾದ. ಟಾರ್ಚ್ ಬಿಟ್ಟು ನೋಡಿದೆ, ರೆಕ್ಕೆಗೆ ತಾಗಿಲ್ಲ, ವೈರಿಗೂ ಹಲ್ಲು ಬಿದ್ದಿಲ್ಲ. ಕಾಯುವುದು ಅಂತ ತೀರ್ಮಾನ. ಕೊನೇ ಪ್ರಶ್ನೆ ಬಾಕಿ ಇದೆ: ಖಾಲಿಯಾಗಿದೆ ಅಂತ ಗೊತ್ತಾಗುವುದು ಹೇಗೆ, ಮುಚ್ಚುವುದು ಯಾವುದರಿಂದ? ಸಂದಿಯಲ್ಲಿ ಉಬ್ಬಿ ಗಟ್ಟಿಯಾಗುವ ಪಿಯು ಫೋಮ್ ಸ್ಪ್ರೇ ಸಾಕಾ?

ಗೂಡುಗಾವಲು (ಮೈಸೂರು):

ಫೋಮ್ ಒಂದರಿಂದಲೇ ಆಗದು, ಒಂದು ದಿನದಲ್ಲಿ ಕಡಿದು ಅದನ್ನೇ ಮುಂದಿನ ಗೂಡಿಗೆ ಹಾಸಿಗೆ ಮಾಡಿಕೊಳ್ಳುತ್ತದೆ. ನೈಲಾನ್ ಸೊಳ್ಳೆ ಪರದೆಯೂ ಅಷ್ಟೇ.

ಖಾಲಿಯಾಗಿದೆಯಾ ಅಂತ ತಿಳಿಯಲು ಸಂದಿನ ಬಾಯಿಗೆ ದಿನಪತ್ರಿಕೆಯ ಹಾಳೆ ಮುದುರಿ ಸಡಿಲವಾಗಿ ತುರುಕಿ. ಒಳಗಿದ್ದದ್ದು ಹೊರಗೆ ತಳ್ಳುತ್ತದೆ, ಹೊರಗಿದ್ದದ್ದು ಒಳಗೆ ಎಳೆಯುತ್ತದೆ. ಮೂರು ಹಗಲು ಹಾಳೆ ಅಲುಗದಿದ್ದರೆ ಯಾರೂ ಇಲ್ಲ. ಮಳೆ ಬಂದ ದಿನವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆವತ್ತು ಅವು ಹೊರಗೇ ಬರುವುದಿಲ್ಲ.

ಆಮೇಲೆ ಎಂಸಿಬಿ ಇಳಿಸಿ, ಮಾಸ್ಕ್, ಕೈಗವಸು ಹಾಕಿಕೊಂಡು ಗೂಡು ತೆಗೆಯಿರಿ. ಒಳಗೆ ಉಣ್ಣೆಹುಳ, ಚಿಗಟ ಇರುತ್ತವೆ. ನೇರವಾಗಿ ಕವರಿಗೆ ಹಾಕಿ ಬಾಯಿ ಕಟ್ಟಿ. ಪೈಪಿಗೆ ಹೊಸ ಫೋಮ್ ಸುತ್ತಿ ಮೇಲೆ ಅಲ್ಯೂಮಿನಿಯಂ ಟೇಪ್ ಹಾಕಿ. ಗೋಡೆಯ ತೂತಿಗೆ ಪೈಪಿನ ಸುತ್ತ ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕಿ, ಮೇಲೆ ಸಿಮೆಂಟು ಮೆತ್ತಿ. ಯೂನಿಟ್‌ಗೂ ಗೋಡೆಗೂ ನಡುವಿನ ಸಂದಿಗೆ ಅರ್ಧ ಇಂಚು ಕಣ್ಣಿನ ಜಿಐ ವೆಲ್ಡ್ ಮೆಶ್ (ಸತು ಲೇಪಿಸಿದ ಕಬ್ಬಿಣದ ತಂತಿ ಜಾಲರಿ), ಎರಡು ಬದಿ ಮತ್ತು ಮೇಲ್ಭಾಗಕ್ಕೆ. ಮುಕ್ಕಾಲು ಇಂಚು ತೆಗೆದುಕೊಳ್ಳಬೇಡಿ, ಮರಿ ತೂರುತ್ತದೆ. ಮೆಶ್ಶನ್ನು ಯೂನಿಟ್ಟಿನ ಬಾಡಿಗೆ ಸ್ಕ್ರೂ ಹಾಕಬಾರದು, ಒಳಗೆ ತಾಮ್ರದ ಕಾಯಿಲ್ ಇದೆ. ಗೋಡೆ ಮತ್ತು ಬ್ರಾಕೆಟ್ಟಿಗೆ ತಂತಿಯಲ್ಲಿ ಕಟ್ಟಿ, ಸರ್ವೀಸಿಗೆ ಬಂದವರು ಬಿಚ್ಚುವ ಹಾಗಿರಲಿ. ಹಿಂಬದಿಯ ರೆಕ್ಕೆಗೆ ಅಂಟಿಸಿ ಹಾಕಬೇಡಿ, ನಾಲ್ಕು ಬೆರಳು ಬಿಡಿ. ಮೂರನೇ ಮಹಡಿಯ ಹೊರಗೋಡೆ, ಕಟಕಟೆ ದಾಟಿ ನೀವೇ ಬಗ್ಗಬೇಡಿ. ಎಸಿ ಸರ್ವೀಸ್ ಹುಡುಗರು ಬೆಲ್ಟ್ ಕಟ್ಟಿಕೊಂಡು ಬರುವ ದಿನವೇ ಇದನ್ನೂ ಮಾಡಿಸಿಬಿಡಿ.